ಆರನ್ಮುಳ ಕನ್ನಡಿ: ಕೊಳ್ಳುವುದು, ಇಡುವುದು, ಒರೆಸುವುದು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಮ್ಮ ಬಸವನಗುಡಿಯ ಮನೆಯಲ್ಲಿ ದೇವರ ಸಾಮಾನು ಬೆಳಗಲು ಕುಳಿತ ಚಿಕ್ಕಮ್ಮ, ದೀಪದ ಕಂಬ, ಹರಿವಾಣ, ಗಂಟೆಗಳ ಜೊತೆಗೆ ಅಂಗೈಯಗಲದ ಆರನ್ಮುಳ ಕನ್ನಡಿಯನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟರು. "ಹಿತ್ತಾಳೇದೇ ಅಲ್ವೇನೋ, ಕಪ್ಪಗಾಗಿತ್ತು" ಎಂದರು. ಚೌಕಟ್ಟು ಫಳಫಳ ಹೊಳೆಯುತ್ತಿತ್ತು. ಕನ್ನಡಿಯೊಳಗೆ ಮಾತ್ರ ನನ್ನ ಮುಖ ಮಂಜು ಕವಿದಂತಿತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ, ಅವರ ಕೈ ಆಡಿದ ದಾರಿಯಲ್ಲೇ ಕೂದಲೆಳೆಯಂಥ ಗೀರುಗಳು ಸುತ್ತುಸುತ್ತಾಗಿ ಕಂಡವು. ಚೌಕಟ್ಟು ಹಿತ್ತಾಳೆಯದೇ, ಚಿಕ್ಕಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಮುಖ ಕಾಣುವ ಬಿಲ್ಲೆ ಬೇರೆಯೇ ಲೋಹ.

ಕೇರಳದ ಪತ್ತನಂತಿಟ್ಟ ಜಿಲ್ಲೆಯಲ್ಲಿ, ಪಂಪಾ ನದಿಯ ದಡದ ಆರನ್ಮುಳದಲ್ಲಿ, ವಿಶ್ವಕರ್ಮ ಸಮುದಾಯದ ಕೆಲವೇ ಮನೆತನಗಳು ಈ ಬಿಲ್ಲೆಯನ್ನು ತಾಮ್ರ ಮತ್ತು ತವರದ ಮಿಶ್ರಣದಿಂದ ಎರಕ ಹೊಯ್ಯುತ್ತವೆ. ಬೆರಕೆಯ ಪ್ರಮಾಣವನ್ನು ಆ ಮನೆಗಳವರು ಹೊರಗೆ ಹೇಳುವುದಿಲ್ಲ. ಆದರೆ ನಮ್ಮ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ನಡೆಸಿದ ಲೋಹ ಪರೀಕ್ಷೆಗಳಲ್ಲಿ ತವರದ ಪಾಲು ಸುಮಾರು 33 ಪ್ರತಿಶತ ಎಂದು ಕಂಡುಬಂದಿದೆ. ಗಂಟೆಯ ಕಂಚಿಗಿಂತ ಇದು ಬಹಳ ಹೆಚ್ಚು. ಅಷ್ಟು ತವರ ಸೇರಿದಾಗ ಲೋಹ ಬೆಳ್ಳಿಯಂತೆ ಬಿಳುಪಾಗಿ, ಬಲು ಗಡುಸಾಗಿ, ಒಳ್ಳೆಯ ಹೊಳಪು ಹಿಡಿಯುತ್ತದೆ. ಗಾಜಿನಂತೆ ಒಡೆಯುವ ಗುಣವೂ ಅದರೊಡನೆಯೇ ಬರುತ್ತದೆ. ಲೋಹದ ತುಂಡುಗಳಿರುವ ಮೂಸೆಯನ್ನೂ ಮಣ್ಣಿನ ಅಚ್ಚನ್ನೂ ಒಂದೇ ಗಂಟಾಗಿ ಮಣ್ಣಿನಿಂದ ಮುಚ್ಚಿ ಕುಲುಮೆಯಲ್ಲಿ ಕಾಯಿಸಿ, ಲೋಹ ಕರಗಿದ ಮೇಲೆ ಇಡೀ ಗಂಟನ್ನು ತಲೆಕೆಳಗು ಮಾಡಿದರೆ ದ್ರವ ಅಚ್ಚಿಗಿಳಿಯುತ್ತದೆ. ಆ ಮೇಲೆ ಸುಟ್ಟ ಮಣ್ಣಿನ ನುಣ್ಣನೆಯ ಪುಡಿ ಮತ್ತು ಎಣ್ಣೆಯೊಡನೆ ಬಟ್ಟೆಯ ಮೇಲೆ ದಿನಗಟ್ಟಲೆ ಉಜ್ಜುತ್ತಾರೆ. ಹುಣಸೆಹಣ್ಣು ಒಂದು ಗಳಿಗೆಯಲ್ಲಿ ಕೆಡಿಸಿದ್ದು ಈ ದುಡಿಮೆಯನ್ನು.

ಕೊಳ್ಳುವಾಗ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಕಾಗದದ ಚೀಟಿಯೊಂದರ ಚೂಪು ಮೂಲೆಯನ್ನು ಕನ್ನಡಿಗೆ ಮೆಲ್ಲಗೆ ತಾಗಿಸಿ ನೋಡಿ. ಮನೆಯ ಗಾಜಿನ ಕನ್ನಡಿಯಲ್ಲಿ ಬೆಳ್ಳಿಯ ಲೇಪ ಹಿಂಬದಿಯಲ್ಲಿರುವುದರಿಂದ ಚೀಟಿಗೂ ಅದರ ಬಿಂಬಕ್ಕೂ ನಡುವೆ ಸಣ್ಣ ಸಂದು ಉಳಿಯುತ್ತದೆ. ಇಲ್ಲಿ ಬಿಂಬ ಮೂಡುವುದು ಮೇಲ್ಮೈಯಲ್ಲೇ ಆದ್ದರಿಂದ ಎರಡು ತುದಿಗಳೂ ಒಂದನ್ನೊಂದು ಮುಟ್ಟುತ್ತವೆ. ಅಂಗಡಿಯವರು ಬೆರಳಿಟ್ಟು ತೋರಿಸಲು ಬಂದರೆ ಬೇಡವೆನ್ನಿ, ಬೆರಳಿನ ಜಿಡ್ಡೇ ಮೊದಲ ಕಲೆ. ಉಜ್ಜಿ ಹೊಳಪಿಸಿದ ಉಕ್ಕಿನ ತಗಡು ಕೂಡ ಈ ಪರೀಕ್ಷೆಯಲ್ಲಿ ಗೆದ್ದುಬಿಡಬಹುದು. ಆದ್ದರಿಂದ ಕಿಟಕಿಯ ಸರಳಿನಂಥ ನೇರ ಗೆರೆಯೊಂದರ ಬಿಂಬವನ್ನು ಅಂಚಿನಿಂದ ಅಂಚಿಗೆ ಸರಿಸಿ ನೋಡಿ. ಎಲ್ಲಿಯೂ ಅದು ಅಲೆಯಂತೆ ಬಳುಕಬಾರದು. ಆರನ್ಮುಳ ಕನ್ನಡಿಗೆ 2004-05ರಲ್ಲೇ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ, ಅಂದರೆ ಇದು ಆ ಊರಿನದೇ ಸರಕು ಎಂಬ ಕಾನೂನಿನ ಗುರುತು, ದೊರೆತಿರುವುದರಿಂದ, ಮಾರುವವರನ್ನು ಅದರ ಗುರುತಿನ ಬಗ್ಗೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಮನೆಯಲ್ಲಿ ಎಲ್ಲಿಡಬೇಕು ಎಂಬುದೇ ನಮ್ಮವರಿಗೆ ಕಷ್ಟದ ಪ್ರಶ್ನೆ, ಏಕೆಂದರೆ ಮಂಗಳದ್ರವ್ಯವಾದ ಇದರ ಸಹಜ ಜಾಗ ದೇವರ ಕೋಣೆ. ಕರ್ಪೂರದ ಮಸಿ, ಊದಿನಕಡ್ಡಿಯ ಹೊಗೆ, ಅರಿಸಿನ-ಕುಂಕುಮದ ಪುಡಿ, ಅಭಿಷೇಕದ ನೀರಿನ ಹನಿ, ಇವೆಲ್ಲವೂ ಅಲ್ಲೇ ಇರುತ್ತವೆ. ಹಬ್ಬದ ದಿನ ಕಲಶದ ಹಿಂದೆ ಇಟ್ಟು, ಆರತಿಗೆ ಮೊದಲು ತೆಗೆದು, ಉಳಿದ ದಿನಗಳಲ್ಲಿ ಮಖಮಲ್ ಹೊದಿಸಿದ ಪೆಟ್ಟಿಗೆಯಲ್ಲೋ ಗಾಜಿನ ಬಾಗಿಲಿನ ಬೀರುವಿನಲ್ಲೋ ಇಡುವುದು ನಾನು ಕಂಡುಕೊಂಡ ದಾರಿ. ಬಿಲ್ಲೆಯನ್ನು ಚೌಕಟ್ಟಿಗೆ ಅರಗಿನಂಥ ಅಂಟಿನಿಂದ ಕೂರಿಸಿರುವುದರಿಂದ ಬಿಸಿಲು ಬೀಳುವ ಕಿಟಕಿಯಾಗಲಿ ದೀಪದ ಪಕ್ಕವಾಗಲಿ ಒಳ್ಳೆಯದಲ್ಲ. ಬೆಂಗಳೂರಿನಲ್ಲಿ ಕರಾವಳಿಯಷ್ಟು ತೇವವಿಲ್ಲದಿದ್ದರೂ ರಸ್ತೆಯ ಧೂಳಿಗೆ ಕೊರತೆಯಿಲ್ಲ, ಆ ಧೂಳಿನ ಕಣವೇ ಒರೆಸುವಾಗ ಗೀರು ಹಾಕುತ್ತದೆ.

ಆದ್ದರಿಂದ ಒರೆಸುವ ಮೊದಲು ಮೃದುವಾದ ಒಣ ಕುಂಚದಿಂದ ಧೂಳನ್ನು ಹಾರಿಸಬೇಕು. ಬಾಯಿಂದ ಊದಿದರೆ ಎಂಜಲಿನ ತುಂತುರು ಬೀಳುತ್ತದೆ. ನಂತರ ಇದಕ್ಕೆಂದೇ ಮೀಸಲಿಟ್ಟ ಮಖಮಲ್ ಅಥವಾ ಒಗೆದೊಗೆದು ಮೆತ್ತಗಾದ ಹತ್ತಿಯ ಬಟ್ಟೆಯಿಂದ, ಒತ್ತದೆ, ಒಂದೇ ದಿಕ್ಕಿಗೆ ಒರೆಸಬೇಕು. ನೀರು, ಸೋಪು, ವಿಭೂತಿ, ನಿಂಬೆಹಣ್ಣು, ಪೀತಾಂಬರಿ ಪುಡಿ, ಗಾಜು ಒರೆಸುವ ದ್ರವ ಇವು ಯಾವುವೂ ಬಿಲ್ಲೆಯನ್ನು ಮುಟ್ಟಕೂಡದು. ಎತ್ತುವಾಗ ಚೌಕಟ್ಟನ್ನೇ ಹಿಡಿಯಿರಿ. ಗ್ರಾನೈಟ್ ನೆಲಕ್ಕೆ ಒಮ್ಮೆ ಬಿದ್ದರೆ ಬಿಲ್ಲೆ ಚೂರಾಗುತ್ತದೆ, ಅದಕ್ಕೆ ಬೆಸುಗೆಯಿಲ್ಲ.

ಮಂಕಾದ ಕನ್ನಡಿಗೆ ಮಾತ್ರ ಉಪಾಯವುಂಟು. ಹೊಳಪು ಲೇಪವಲ್ಲ, ಲೋಹದ್ದೇ ಆದ್ದರಿಂದ ಮಾಡಿದವರು ಮತ್ತೆ ಉಜ್ಜಿ ಅದನ್ನು ತರಬಲ್ಲರು. ಕೊಂಡಾಗಿನ ಚೀಟಿಯನ್ನು ಪೆಟ್ಟಿಗೆಯೊಳಗೇ ಇಟ್ಟುಕೊಂಡಿದ್ದರೆ ಯಾರಿಗೆ ಕಳಿಸಬೇಕೆಂಬುದು ಗೊತ್ತಿರುತ್ತದೆ. ಇನ್ನು ಹಬ್ಬಕ್ಕೆ ಚೌಕಟ್ಟನ್ನಾದರೂ ಬೆಳಗಲೇಬೇಕು ಎನ್ನುವವರು, ಬಿಲ್ಲೆಯ ಅಳತೆಗೆ ಕತ್ತರಿಸಿದ ಕಾಗದವನ್ನು ಅದರ ಮೇಲೆ ಮುಚ್ಚಿ ಹಿಡಿದು, ಒಣಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಹಿತ್ತಾಳೆಯನ್ನಷ್ಟೇ ಉಜ್ಜಿ, ಬಿಲ್ಲೆಯ ಅಂಚಿಗೆ ಒಂದು ನೂಲಿನಷ್ಟು ದೂರದಲ್ಲೇ ಕೈ ನಿಲ್ಲಿಸಬೇಕು. ಚಿಕ್ಕಮ್ಮ ಈಗ ಆ ಕಾಗದವನ್ನು ದೇವರ ಕೋಣೆಯ ಡಬ್ಬಿಯಲ್ಲಿ ತಾವೇ ಎತ್ತಿಟ್ಟಿದ್ದಾರೆ.