ಕಪ್ಪನ್ನು ಕಾಪಾಡಿಕೊಂಡು ನೋಡುವುದು: ಮಲೆನಾಡಿನ ಮನೆಯಲ್ಲಿ ಹಳೆಯ ಸಸ್ಪೆನ್ಸ್ ಚಿತ್ರಗಳು

ಹಳೆಯ ಕಪ್ಪು-ಬಿಳುಪು ಸಸ್ಪೆನ್ಸ್ ಚಿತ್ರಗಳನ್ನು ಮನೆಯಲ್ಲಿ ನೋಡಲು ಕೂತವರಲ್ಲಿ ಅನೇಕರು ಅರ್ಧ ಗಂಟೆಯೊಳಗೆ ಎದ್ದುಹೋಗುವುದನ್ನು ನಾನು ಕಂಡಿದ್ದೇನೆ. ಕಥೆ ನಿಧಾನ, ಕಾಲ ಹಳೆಯದು ಎಂದು ಅವರು ಹೇಳುತ್ತಾರೆ. ಆದರೆ ಬಹುಪಾಲು ಸಲ ಅವರು ಆ ಚಿತ್ರವನ್ನು ನೋಡಿಯೇ ಇರುವುದಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆಯೇ ಬಿಟ್ಟ ಟಿ.ವಿ., ತಲೆಯ ಮೇಲೆ ಉರಿಯುವ ಟ್ಯೂಬ್‌ಲೈಟು, ಅಗಲಕ್ಕೆ ಎಳೆದು ಹಿಗ್ಗಿಸಿದ ಮುಖಗಳು, ನಡುನಡುವೆ ಬರುವ ಫೋನು, ಇಷ್ಟೆಲ್ಲದರ ನಡುವೆ ಕಥೆಯ ಸಾರಾಂಶವಷ್ಟೇ ಉಳಿಯುತ್ತದೆ. ಈ ಚಿತ್ರಗಳನ್ನು ತೆಗೆದವರು ಭಯವನ್ನು ಇಟ್ಟಿದ್ದು ಕಪ್ಪಿನಲ್ಲಿ, ಒಂದು ಕಪ್ಪಿಗೂ ಇನ್ನೊಂದು ಕಪ್ಪಿಗೂ ನಡುವಿನ ಸಣ್ಣ ಅಂತರದಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಂಚಿನ ಮನೆಯಲ್ಲಿ ಆ ಅಂತರವನ್ನು ಉಳಿಸಿಕೊಳ್ಳಲು ನಾನು ಏನೇನು ಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಸ್ಪೆನ್ಸ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1941ರಲ್ಲಿ ತೆಗೆದ ‘ಸಸ್ಪಿಷನ್’ ಚಿತ್ರದಲ್ಲಿ ಗಂಡನು ಹೆಂಡತಿಗಾಗಿ ಒಂದು ಲೋಟ ಹಾಲನ್ನು ತಟ್ಟೆಯಲ್ಲಿಟ್ಟುಕೊಂಡು ಕತ್ತಲೆ ತುಂಬಿದ ಮೆಟ್ಟಿಲುಗಳನ್ನು ಹತ್ತಿ ಬರುತ್ತಾನೆ. ಅದರಲ್ಲಿ ವಿಷ ಇರಬಹುದೇ ಎಂಬ ಶಂಕೆ ಅವಳಿಗೂ ಇದೆ, ನಮಗೂ ಇದೆ. ನೋಡುವವರ ಕಣ್ಣು ಗಂಡನ ಪಾತ್ರದ ನಟ ಕ್ಯಾರಿ ಗ್ರಾಂಟ್‌ನ ಮುಖದ ಮೇಲೆ ಹೋಗದೆ ಲೋಟದ ಮೇಲೆಯೇ ನಿಲ್ಲಬೇಕೆಂದು ಹಿಚ್‌ಕಾಕ್ ಆ ಹಾಲಿನೊಳಗೆ ಒಂದು ಪುಟ್ಟ ಬಲ್ಬನ್ನು ಇಡಿಸಿದ್ದರು. ಟಿ.ವಿ. ಎಲ್ಲವನ್ನೂ ಕಣ್ಣು ಕುಕ್ಕುವಂತೆ ಬೆಳಗಿಸುವ ‘ವಿವಿಡ್’ ಸ್ಥಿತಿಯಲ್ಲಿದ್ದರೆ ಗೋಡೆಯೂ ಹೊಳೆಯುತ್ತದೆ, ಅಂಗಿಯ ಕಾಲರೂ ಹೊಳೆಯುತ್ತದೆ, ಲೋಟ ಅವುಗಳಲ್ಲಿ ಒಂದಾಗಿ ಕಳೆದುಹೋಗುತ್ತದೆ. ಸೆಟ್ಟಿಂಗ್ ಸರಿಪಡಿಸಿದ ಮೇಲೆ ಇದೇ ದೃಶ್ಯವನ್ನು ದೊಡ್ಡಮ್ಮನಿಗೆ ತೋರಿಸಿದಾಗ, ಇಂಗ್ಲಿಷಿನ ಒಂದು ಮಾತೂ ತಿಳಿಯದ ಅವರು ಸೆರಗನ್ನು ಬಾಯಿಗೆ ಹಿಡಿದು, “ಅದನ್ನ ಕುಡೀಬೇಡ್ವೇ ತಂಗಿ” ಎಂದರು. ಅಲ್ಲಿ ಮಾತನಾಡಿದ್ದು ಬೆಳಕು.

ಆದ್ದರಿಂದ ಮೊದಲ ಕೆಲಸ ಟಿ.ವಿ.ಯದು. ಚಿತ್ರದ ಸ್ಥಿತಿಯನ್ನು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಬದಲಿಸಿ, ಬಣ್ಣದ ತಾಪವನ್ನು ‘ವಾರ್ಮ್’ಗೆ ತಂದುಕೊಂಡೆ. ಮೊದಮೊದಲು ಬಿಳಿಯೆಲ್ಲ ತುಸು ಹಳದಿಯಾಗಿ ಕಾಣುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಹಿಂದಿನ ನೀಲಿ ಛಾಯೆಯೇ ಅಸಹಜವೆನಿಸುತ್ತದೆ. ಬ್ಯಾಕ್‌ಲೈಟ್ ಮತ್ತು ಬ್ರೈಟ್‌ನೆಸ್ ಬೇರೆ ಬೇರೆ ಎಂಬುದನ್ನು ಗಮನದಲ್ಲಿಡಬೇಕು. ಬ್ಯಾಕ್‌ಲೈಟ್ ಇಡೀ ಪರದೆಯ ಬೆಳಕು, ಅದನ್ನು ರಾತ್ರಿಗೆ ತಕ್ಕಂತೆ ಇಳಿಸಿದರೆ ಸಾಕು. ಬ್ರೈಟ್‌ನೆಸ್ ಹೆಚ್ಚಿನ ಟಿ.ವಿ.ಗಳಲ್ಲಿ ಕಪ್ಪಿನ ಮಟ್ಟವನ್ನು ನಿರ್ಧರಿಸುತ್ತದೆ. ಕಪ್ಪು ಕೋಟು ಹಾಕಿದವನು ಕತ್ತಲ ಗೋಡೆಯ ಮುಂದೆ ನಿಂತಿರುವ ಒಂದು ದೃಶ್ಯವನ್ನು ನಿಲ್ಲಿಸಿಕೊಂಡು, ಕೋಟು ಗೋಡೆಯಲ್ಲಿ ಕರಗುವವರೆಗೆ ಬ್ರೈಟ್‌ನೆಸ್ಸನ್ನು ಇಳಿಸಿ, ಮತ್ತೆ ಕೋಟಿನ ಅಂಚು ಮಾತ್ರ ಕಾಣುವವರೆಗೆ ನಿಧಾನವಾಗಿ ಏರಿಸಿ, ಅಲ್ಲಿಗೆ ಬಿಡುತ್ತೇನೆ. ಕಾಂಟ್ರಾಸ್ಟನ್ನು ಬಿಳಿ ಅಂಗಿಯ ಮಡಿಕೆಗಳು ಅಳಿಸಿಹೋಗದಷ್ಟರಲ್ಲಿ ಇಡುತ್ತೇನೆ. ಶಾರ್ಪ್‌ನೆಸ್ಸನ್ನು ತೀರಾ ಕೆಳಗೆ ತಂದು, ನಾಯ್ಸ್ ರಿಡಕ್ಷನ್ ಆಫ್ ಮಾಡುತ್ತೇನೆ, ಏಕೆಂದರೆ ಅದು ಫಿಲ್ಮಿನ ಕಣಗಳನ್ನು ಕೊಳೆಯೆಂದು ಭಾವಿಸಿ ಮುಖಗಳನ್ನು ಮೇಣದಂತೆ ನುಣುಪಾಗಿಸುತ್ತದೆ. ಚಲನೆಯನ್ನು ನಯಗೊಳಿಸುವ ಸೌಲಭ್ಯಕ್ಕೆ ಕಂಪನಿಗೊಂದು ಹೆಸರಿರುತ್ತದೆ. ಯಾವ ಹೆಸರಿದ್ದರೂ ಅದನ್ನು ತೆಗೆದುಹಾಕಬೇಕು. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದ ಚಿತ್ರಕ್ಕೆ ಇಲ್ಲದ ಚೌಕಟ್ಟುಗಳನ್ನು ಸೇರಿಸಿದರೆ ಅದು ಸಂಜೆಯ ಧಾರಾವಾಹಿಯಂತೆ ಕಾಣುತ್ತದೆ.

ಹೊಸದಾಗಿ ಕೊಳ್ಳುವವರು ಪ್ರತಿ ಚುಕ್ಕಿಯೂ ತಾನೇ ಬೆಳಗಿ ಆರುವ ಒ.ಎಲ್.ಇ.ಡಿ. ಪರದೆ ಕೈಗೆಟುಕದಿದ್ದರೆ, ಕಪ್ಪನ್ನು ಗಾಢವಾಗಿ ತೋರಿಸುವ ‘ವಿ.ಎ.’ ಎಂಬ ಬಗೆಯ ಪ್ಯಾನೆಲ್ ಇರುವ ಎಲ್.ಇ.ಡಿ. ಟಿ.ವಿ.ಯನ್ನೇ ಕೇಳಿ ಪಡೆಯಬೇಕು. ‘ಐ.ಪಿ.ಎಸ್.’ ಪ್ಯಾನೆಲ್‌ನಲ್ಲಿ ಪಕ್ಕದಿಂದ ನೋಡಲು ಅನುಕೂಲ ಹೆಚ್ಚು, ಆದರೆ ಕತ್ತಲ ಕೋಣೆಯಲ್ಲಿ ಅದರ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ.

ಚಿತ್ರದ ಆಕಾರವೂ ಅಷ್ಟೇ ಮುಖ್ಯ. ಐವತ್ತರ ದಶಕದ ಆರಂಭದವರೆಗಿನ ಚಿತ್ರಗಳು ಬಹುತೇಕ ಚೌಕಕ್ಕೆ ಹತ್ತಿರವಾದವು, 1.37ಕ್ಕೆ 1ರ ಅಳತೆಯವು. ಪರದೆಯ ಎರಡೂ ಬದಿ ಕಪ್ಪು ಪಟ್ಟಿ ಉಳಿಯುವುದು ಸರಿಯಾದ ಲಕ್ಷಣ. ಜೂಮ್ ಮಾಡಿದರೆ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ, ಮತ್ತು ಈ ನಿರ್ದೇಶಕರು ಕತ್ತಿಯನ್ನೋ ಕೀಲಿಯನ್ನೋ ಇಡುತ್ತಿದ್ದುದು ಹೆಚ್ಚಾಗಿ ಅಂಥ ಅಂಚಿನಲ್ಲಿಯೇ.

ಮಲೆನಾಡಿನ ಹಳೆಯ ಮನೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ದಪ್ಪ ಗೋಡೆ, ಚಿಕ್ಕ ಕಿಟಕಿ, ಸಂಜೆಯಾಗುತ್ತಿದ್ದಂತೆ ಕವಿಯುವ ಕತ್ತಲೆ. ನಮ್ಮಲ್ಲಿ ತೊಂದರೆ ಕೊಟ್ಟದ್ದು ಕೆಂಪು ಕಾವಿಯ ನೆಲ. ತಲೆಮಾರುಗಳಿಂದ ಒರೆಸಿ ಒರೆಸಿ ಕನ್ನಡಿಯಂತಾದ ಆ ನೆಲದಲ್ಲಿ ಪರದೆಯ ಬೆಳಕು ಬಿದ್ದು ಮೇಲಕ್ಕೆ ಚಿಮ್ಮುತ್ತಿತ್ತು, ಈಗ ಟಿ.ವಿ.ಯ ಮುಂದೆ ಒಂದು ದಪ್ಪ ಜಮಖಾನೆ ಹಾಸುತ್ತೇವೆ. ದೇವರ ಕೋಣೆಯ ದೀಪ ಪರದೆಯಲ್ಲಿ ಪ್ರತಿಫಲಿಸುತ್ತಿದ್ದುದರಿಂದ ಟಿ.ವಿ.ಯನ್ನೇ ಎದುರಿನ ಗೋಡೆಗೆ ಸರಿಸಿದೆವು. ಪೂರ್ತಿ ಕತ್ತಲೆಯಲ್ಲಿ ಕಣ್ಣು ಬಳಲುತ್ತದೆ ಎನ್ನುವವರಿಗಾಗಿ ಟಿ.ವಿ.ಯ ಹಿಂದೆ, ಗೋಡೆಗೆ ಮುಖ ಮಾಡಿ, ಮಂದವಾದ ಬಿಳಿ ಎಲ್.ಇ.ಡಿ. ಪಟ್ಟಿಯೊಂದನ್ನು ಅಂಟಿಸಿದ್ದೇನೆ. ಅದರ ಎದುರಿಗೆ ಪರದೆಯ ಕಪ್ಪು ಇನ್ನಷ್ಟು ಗಾಢವಾಗಿ ಕಾಣುತ್ತದೆ.

ಮಳೆಯದು ಬೇರೆಯೇ ವಿಷಯ. ಮಳೆಗಾಲದ ರಾತ್ರಿಗಿಂತ ಸಸ್ಪೆನ್ಸ್ ಚಿತ್ರಕ್ಕೆ ಒಳ್ಳೆಯ ವೇಳೆ ಯಾವುದಿದೆ ಎಂದು ಪೇಟೆಯ ನೆಂಟರು ಕೇಳುತ್ತಾರೆ. ಹಂಚಿನ ಮೇಲೆ ಆಷಾಢದ ಮಳೆ ಸುರಿಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಈ ಚಿತ್ರಗಳ ಅರ್ಧ ಭಯವಾದರೋ ನಿಶ್ಶಬ್ದದಲ್ಲಿದೆ. ಫ್ರಿಟ್ಜ್ ಲಾಂಗ್ 1931ರಲ್ಲಿ ತೆಗೆದ ಜರ್ಮನ್ ಚಿತ್ರ ‘ಎಂ’ನಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ, ಕೆಲವು ಭಾಗಗಳಲ್ಲಿ ಶಬ್ದವೇ ಇಲ್ಲ. ಕೊಲೆಗಾರನು ಬರುತ್ತಿದ್ದಾನೆಂದು ತಿಳಿಯುವುದು ಅವನ ಸಿಳ್ಳಿನಿಂದ, ಅವನನ್ನು ಗುರುತಿಸುವವನು ಬಲೂನು ಮಾರುವ ಒಬ್ಬ ಕುರುಡ. ಆ ಸಿಳ್ಳು ಮಳೆಯಲ್ಲಿ ಮುಳುಗಿದರೆ ಚಿತ್ರವೇ ಮುಳುಗಿದಂತೆ. ಹೀಗಾಗಿ ಜೂನ್‌ನಿಂದ ಆಗಸ್ಟಿನವರೆಗೆ ನಾನು ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ನೋಡುತ್ತೇನೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯುವ ಕೆಲಸ ರಾತ್ರಿಯವರೆಗೂ ನಡೆಯುವುದರಿಂದ ಯಾರಿಗೂ ಬಿಡುವಿರುವುದಿಲ್ಲ. ಅಡಿಕೆ ಮಂಡಿ ಸೇರಿದ ಮೇಲೆ, ಜನವರಿ ಕೊನೆಯಿಂದ ಮಾರ್ಚಿನವರೆಗಿನ ತಣ್ಣನೆಯ, ಸದ್ದಿಲ್ಲದ ರಾತ್ರಿಗಳೇ ನಮ್ಮ ನಿಜವಾದ ಸಿನಿಮಾ ಕಾಲ. ಧ್ವನಿಯ ವಿಷಯದಲ್ಲಿ ಒಂದೇ ಎಚ್ಚರಿಕೆ: ಈ ಚಿತ್ರಗಳ ಧ್ವನಿ ಮೋನೋ, ಅಂದರೆ ಒಂದೇ ವಾಹಿನಿಯದು, ಆದ್ದರಿಂದ ಸೌಂಡ್‌ಬಾರಿನ ಕೃತಕ ‘ಸರೌಂಡ್’ ಆಫ್ ಮಾಡಿಬಿಡಬೇಕು.

ವಿದ್ಯುತ್ತು ಕೈಕೊಡುವುದು ನಮ್ಮಲ್ಲಿ ಹೊಸತಲ್ಲ. ಇನ್ವರ್ಟರಿನ ಹಿಂಭಾಗದ ಸ್ವಿಚ್ಚನ್ನು ‘ಯು.ಪಿ.ಎಸ್.’ ಸ್ಥಾನಕ್ಕೆ ಹಾಕಿದ ಮೇಲೆ ಕರೆಂಟು ಹೋದರೂ ಟಿ.ವಿ. ಆರಿ ಹೊತ್ತಿಕೊಳ್ಳುವುದು ನಿಂತಿತು. ಮೊಬೈಲ್ ಸಿಗ್ನಲ್ ನಂಬಿ ನೇರವಾಗಿ ನೋಡಲು ಕೂರುವುದಿಲ್ಲ. ಡೌನ್‌ಲೋಡ್ ಸೌಲಭ್ಯವಿರುವ ಆ್ಯಪ್‌ಗಳಲ್ಲಿ ಹಿಂದಿನ ರಾತ್ರಿಯೇ ಇಳಿಸಿಕೊಳ್ಳುತ್ತೇನೆ, ತೀರಾ ಇಷ್ಟವಾದವನ್ನು ಡಿಸ್ಕ್‌ನಲ್ಲಿ ಕೊಳ್ಳುತ್ತೇನೆ. ಭಾರತದ ಬ್ಲೂ-ರೇ ಪ್ಲೇಯರುಗಳು ‘ಸಿ’ ವಲಯದವು, ಅಮೆರಿಕದ ಡಿಸ್ಕ್‌ಗಳಲ್ಲಿ ಬಹಳಷ್ಟು ‘ಎ’ ವಲಯದವು. ಒಂದು ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡುವುದಿಲ್ಲವಾದ್ದರಿಂದ ಇದನ್ನು ನೋಡಿಕೊಂಡೇ ಕೊಳ್ಳಬೇಕು. ಮಳೆಗಾಲದಲ್ಲಿ ಡಿಸ್ಕ್‌ಗಳಿಗೆ ಬೂಷ್ಟು ಹಿಡಿಯದಂತೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಬಣ್ಣ ಹಚ್ಚಿದ ಪ್ರತಿಗಳನ್ನು ಮಾತ್ರ ಎಂದೂ ಹಾಕುವುದಿಲ್ಲ. ಬೆಳಕನ್ನು ಕಪ್ಪು-ಬಿಳುಪಿಗಾಗಿ ಅಳೆದು ಇಟ್ಟವರ ಕೆಲಸವನ್ನು ಅದು ಅಳಿಸಿಹಾಕುತ್ತದೆ.

ನಾಲ್ಕು ಜನ ಕೂತು ನೋಡುವಾಗ ನಿಯಮಗಳು ಬೇಕು. 1960ರಲ್ಲಿ ‘ಸೈಕೋ’ ತೆರೆಗೆ ಬಂದಾಗ ಚಿತ್ರ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಕಟ್ಟುನಿಟ್ಟು ಮಾಡಿದ್ದರು. ನಮ್ಮ ಮನೆಯಲ್ಲೂ ಊಟ ಮುಗಿದು, ಕಾಫಿ ಫ್ಲಾಸ್ಕಿಗೆ ಹೋಗಿ, ಫೋನುಗಳು ಒಳಕೋಣೆ ಸೇರಿದ ಮೇಲೆಯೇ ಚಿತ್ರ ಶುರು. ‘ನಟೋರಿಯಸ್’ (1946) ನೋಡಿದವರಿಗೆ ಇದರ ಅಗತ್ಯ ತಿಳಿಯುತ್ತದೆ. ನಾಯಕ-ನಾಯಕಿ ಕದ್ದ ಕೀಲಿಯಿಂದ ನೆಲಮಾಳಿಗೆ ಹೊಕ್ಕಿದ್ದಾರೆ, ಮೇಲೆ ಔತಣದಲ್ಲಿ ಶಾಂಪೇನ್ ಬಾಟಲಿಗಳು ಒಂದೊಂದಾಗಿ ಖಾಲಿಯಾಗುತ್ತಿವೆ, ಅವು ಮುಗಿದರೆ ಮನೆಯ ಯಜಮಾನ ಹೆಚ್ಚಿನ ಬಾಟಲಿಗಾಗಿ ಅದೇ ನೆಲಮಾಳಿಗೆಗೆ ಇಳಿಯಬೇಕು. ಈ ಹೊತ್ತಿಗೆ ಒಬ್ಬರು ನೀರಿಗೆಂದು ಎದ್ದರೂ ಕಟ್ಟಿದ ದಾರ ಹರಿಯುತ್ತದೆ.

ಹಿರಿಯರಿಗಾಗಿ ನಾನು ಚಿತ್ರವನ್ನು ಮೊದಲೇ ಒಮ್ಮೆ ನೋಡಿ, ಯಾವ ಮಾತು ತಪ್ಪಿದರೆ ಮುಂದಿನದು ತಿಳಿಯದೋ ಅದನ್ನು ಮಾತ್ರ ಗುರುತು ಹಾಕಿಕೊಂಡು, ಆ ಜಾಗ ಬಂದಾಗ ಕನ್ನಡದಲ್ಲಿ ಮೆಲ್ಲಗೆ ಹೇಳುತ್ತೇನೆ. ಎಲ್ಲವನ್ನೂ ಅನುವಾದಿಸಹೊರಟರೆ ಚಿತ್ರ ಹಿಂದೆ ಉಳಿಯುತ್ತದೆ. ಸಬ್‌ಟೈಟಲ್‌ ಬೇಡವೆನ್ನುವವರಿಗೆ ನಮ್ಮ ದೇಶದ್ದೇ ಚಿತ್ರಗಳಿವೆ. ಕಮಲ್ ಅಮ್ರೋಹಿಯವರ ‘ಮಹಲ್’ (1949) ಚಿತ್ರದ ಕತ್ತಲೆಯನ್ನು ಸೆರೆಹಿಡಿದವರು ಜರ್ಮನಿಯಿಂದ ಬಂದು ಬಾಂಬೆ ಟಾಕೀಸ್ ಸೇರಿದ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್. ಬಿ.ಆರ್. ಚೋಪ್ರಾ ಅವರ ‘ಕಾನೂನ್’ (1960) ಒಂದೂ ಹಾಡಿಲ್ಲದ ಹಿಂದಿ ಚಿತ್ರ, ವೀಣೆಯ ಎಸ್. ಬಾಲಚಂದರ್ ನಿರ್ದೇಶಿಸಿದ ತಮಿಳಿನ ‘ಅಂದ ನಾಳ್’ (1954) ಕೂಡ ಹಾಗೆಯೇ. ಕನ್ನಡದಲ್ಲಿ ದೊರೆ-ಭಗವಾನ್ ಅವರ ‘ಜೇಡರ ಬಲೆ’ (1968) ಪತ್ತೇದಾರಿ ಸಾಹಸದ ಚಿತ್ರವಾದರೂ, ರಾಜ್‌ಕುಮಾರ್ ಅವರ ಸಿ.ಐ.ಡಿ. 999 ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ಬಂದು ಕೂರುತ್ತಾರೆ.

ಹೊಸಬರು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ನಾನು ಕ್ಯಾರಲ್ ರೀಡ್‌ರ ‘ದಿ ಥರ್ಡ್ ಮ್ಯಾನ್’ (1949) ಹೇಳುತ್ತೇನೆ. ಯುದ್ಧದಲ್ಲಿ ಮುರಿದ ವಿಯೆನ್ನಾದ ಬೀದಿಗಳ ಮೇಲೆ ನೀರು ಸುರಿಸಿ ಕಲ್ಲುಹಾಸು ಹೊಳೆಯುವಂತೆ ಮಾಡಿ ಚಿತ್ರೀಕರಿಸಿದ್ದನ್ನು, ಒದ್ದೆ ರಸ್ತೆಯ ಬೆಳಕು ಗೊತ್ತಿರುವ ಮಲೆನಾಡಿನವರು ಬೇಗ ಗುರುತಿಸುತ್ತಾರೆ. ಆಮೇಲೆ ಕ್ಲೂಜೊನ ‘ದಿ ವೇಜಸ್ ಆಫ್ ಫಿಯರ್’ (1953). ಮೊದಲ ಭಾಗದುದ್ದಕ್ಕೂ ಊರು ಬಿಟ್ಟು ಕದಲದ ಆ ಚಿತ್ರವನ್ನು ತಾಳ್ಮೆಯಿಂದ ನೋಡಬೇಕು. ನೈಟ್ರೊಗ್ಲಿಸರಿನ್ ಹೊತ್ತ ಲಾರಿಗಳು ಬೆಟ್ಟದ ತಿರುವು ಹತ್ತತೊಡಗಿದ ಮೇಲೆ, ಆಗುಂಬೆ ಘಾಟಿಯಲ್ಲಿ ಲಾರಿ ಓಡಿಸಿದ ನಮ್ಮ ಪಕ್ಕದ ಮನೆಯ ಅಣ್ಣನ ಬಲಗಾಲು ತಾನಾಗಿಯೇ ಬ್ರೇಕು ಒತ್ತುತ್ತಿತ್ತು.

ಕುರೊಸಾವ ಅವರ ‘ಹೈ ಅಂಡ್ ಲೋ’ (1963) ನೋಡುವವರಿಗೆ ಒಂದು ಸೂಚನೆಯಿದೆ. ಕಪ್ಪು-ಬಿಳುಪಿನಲ್ಲಿ ಹಸಿರೋ ಕೆಂಪೋ ಛಾಯೆ ಬರಬಾರದೆಂದು ಕೆಲವರು ಟಿ.ವಿ.ಯ ‘ಕಲರ್’ ಅನ್ನು ಸೊನ್ನೆಗೆ ಇಳಿಸುವುದುಂಟು. ನಾನೂ ಎಷ್ಟೋ ಚಿತ್ರಗಳಿಗೆ ಹಾಗೆ ಮಾಡುತ್ತೇನೆ. ಈ ಚಿತ್ರಕ್ಕೆ ಮಾತ್ರ ಅದನ್ನು ಮೊದಲಿನ ಮಟ್ಟದಲ್ಲಿಯೇ ಇಟ್ಟುಕೊಂಡು ಕೂರಬೇಕು. ಕಾರಣವನ್ನು ನೋಡುವ ಮೊದಲು ಯಾರ ಬಳಿಯೂ ಕೇಳಬೇಡಿ.