ಯುರೇನಿಯಂ ಪ್ಲಾಂಟ್ ಕೆಡವಿದ್ದು: ಕಟ್ ಮಾಡೋಕೆ ಮುಂಚೆ ಪೈಪೊಳಗೆ ಏನಿದೆ ಗೊತ್ತಿರ್ಬೇಕು

ನಾನು ಕೆಜಿಎಫ್‌ನೋನು, ಅಪ್ಪ ಚಾಂಪಿಯನ್ ರೀಫ್ ಗಣೀಲಿ ಇದ್ರು, ಗಣಿ ಮುಚ್ಚೋಕೆ ಮುಂಚೇನೇ ಓದೋಕೆ ಅಂತ ಅಮೆರಿಕಕ್ಕೆ ಹೋದೋನು ಅಲ್ಲೇ ನಿಂತ್‌ಬಿಟ್ಟೆ, ಸಿಟಿಜನ್‌ಶಿಪ್ ಆದ್ಮೇಲೆ ಟೆನ್ನೆಸ್ಸೀ ರಾಜ್ಯದ ಓಕ್ ರಿಡ್ಜ್‌ನಲ್ಲಿ ಒಂದು ಸಬ್‌ಕಾಂಟ್ರಾಕ್ಟ್ ಕಂಪನೀಲಿ ಕೆಲಸ ಸಿಕ್ತು. ಈಗ ವಾಪಸ್ ಬಂದು ಬಂಗಾರಪೇಟೆಲಿದೀನಿ. ಇಲ್ಲಿ ಯಾರಾದ್ರೂ ಸಿಕ್ಕಿದ್ರೆ ಮೊದಲ ಪ್ರಶ್ನೆ "ನೀನು ಅಣುಬಾಂಬ್ ಫ್ಯಾಕ್ಟರೀಲಿ ಇದ್ಯಂತೆ?" ಅಂತ. ಮಾಡೋ ಫ್ಯಾಕ್ಟರೀಲಲ್ಲಪ್ಪ, ಆ ಫ್ಯಾಕ್ಟರಿ ಕೆಡವೋ ಕೆಲಸದಲ್ಲಿದ್ದೆ ಅಂದ್ರೆ ಯಾರಿಗೂ ಅಷ್ಟು ಇಂಟರೆಸ್ಟ್ ಇರಲ್ಲ. ಆದ್ರೆ ನನ್ನ ಕೇಳಿದ್ರೆ ಕೆಡವೋದೇ ದೊಡ್ಡ ಕೆಲಸ.

ಪ್ಲಾಂಟ್ ಹೆಸರು ಕೆ-25. ಎರಡನೇ ಮಹಾಯುದ್ಧದ ಟೈಮಲ್ಲಿ, 1943ರಲ್ಲಿ ಕಟ್ಟೋಕೆ ಶುರು ಮಾಡಿದ್ದು, ಇಂಗ್ಲಿಷ್ ಯು ಅಕ್ಷರದ ಆಕಾರ, ಒಂದೊಂದು ಕೈ ಅರ್ಧ ಮೈಲಿ ಉದ್ದ, ಕಟ್ಟಡ ನಿಂತಿರೋ ಜಾಗವೇ 44 ಎಕರೆ. ಆಗಿನ ಕಾಲದಲ್ಲಿ ಒಳಗೆ ಓಡಾಡೋಕೆ ಸೈಕಲ್ ಇಟ್ಕೊಂಡಿದ್ರು. ಯುರೇನಿಯಂನ ಹೆಕ್ಸಾಫ್ಲೋರೈಡ್ ಗ್ಯಾಸ್ ಮಾಡಿ ಸಣ್ಣ ಸಣ್ಣ ರಂಧ್ರ ಇರೋ ನಿಕಲ್ ಪೊರೆ ಮೂಲಕ ಮತ್ತೆ ಮತ್ತೆ ತಳ್ಳೋದು, ಯುರೇನಿಯಂನಲ್ಲಿ 235, 238 ಅಂತ ಮುಖ್ಯವಾಗಿ ಎರಡು ತರ, ಬೇಕಾಗಿರೋದು 235, ಹಗುರ ಇರೋ ಅದು ಸ್ವಲ್ಪ ಬೇಗ ದಾಟುತ್ತೆ, ಸಾವಿರಾರು ಸಲ ಹಿಂಗೆ ಮಾಡಿದ್ರೆ 235 ಪ್ರಮಾಣ ಏರುತ್ತೆ (ಇದಕ್ಕೇ ಎನ್ರಿಚ್ ಅನ್ನೋದು), ಇಷ್ಟೇ ಐಡಿಯಾ. ಕೆ-25 ಕಟ್ಟಡದ ಮುಖ್ಯ ಉತ್ಪಾದನೆ 1964ರಲ್ಲೇ ನಿಂತಿತ್ತು, ಅಕ್ಕಪಕ್ಕದ ಕಟ್ಟಡಗಳು 1985ರ ತನಕ ಓಡಿದ್ವು, 1987ರಲ್ಲಿ ಎಲ್ಲಾ ಖಾಯಂ ಬಂದ್. ಆಮೇಲೆ ಎಷ್ಟೋ ವರ್ಷ ಹಂಗೇ ನಿಂತಿತ್ತು, ಚಾವಣಿ ಸೋರಿ ನೆಲ ಲಡ್ಡಾಗಿತ್ತು, 2006ರಲ್ಲಿ ಒಬ್ಬ ಕೆಲಸಗಾರ ನೆಲ ಕುಸಿದು ಕೆಳಗಿನ ಮಹಡಿಗೆ ಬಿದ್ದಿದ್ದ. ಅದಕ್ಕೇ ಹೇಳೋದು, ಇಂಥ ಕಡೆ ರೇಡಿಯೇಷನ್ನಿಗಿಂತ ಮೊದಲು ಕಾಲ್ಕೆಳಗೆ ನೋಡ್ಕೋಬೇಕು.

ಕೆಡವೋದು ಶುರುವಾಗಿದ್ದು 2008ರ ಡಿಸೆಂಬರ್‌ನಲ್ಲಿ, ಮುಗಿದಿದ್ದು 2013ರ ಡಿಸೆಂಬರ್‌ನಲ್ಲಿ. ಜೆಸಿಬಿ ತಂದು ಬೀಳಿಸೋದು ಇದರಲ್ಲಿ ಕಡೇ ಪಾರ್ಟು, ನಮ್ಮ ಟೀಮಿನ ಕೆಲಸ ಅದಕ್ಕೆ ಮುಂಚಿಂದು: ಪ್ರತಿ ಪೈಪು, ವಾಲ್ವು, ಕಂಪ್ರೆಸರು, ಕನ್ವರ್ಟರ್ (ಆ ನಿಕಲ್ ಪೊರೆ ಇರೋ ಟ್ಯಾಂಕು) ಒಳಗೆ ಎಷ್ಟು ಯುರೇನಿಯಂ ಅಂಟ್ಕೊಂಡಿದೆ ಅಂತ ಬಿಚ್ಚದೇ ಅಳೆಯೋದು. ಯಾಕೆ ಅಂಟ್ಕೊಳ್ಳುತ್ತೆ ಅಂದ್ರೆ ಹೆಕ್ಸಾಫ್ಲೋರೈಡಿಗೆ ಗಾಳೀಲಿರೋ ತೇವ ಸೋಕಿದ್ರೆ ಸಾಕು, ಯುರೇನಿಲ್ ಫ್ಲೋರೈಡ್ ಅನ್ನೋ ಪುಡಿ ಆಗಿ ಪೈಪ್ ಗೋಡೇಲಿ ಕೂರುತ್ತೆ, ಜೊತೆಗೆ ಹೈಡ್ರೋಜನ್ ಫ್ಲೋರೈಡ್ ಗ್ಯಾಸ್ ಬರುತ್ತೆ. ನಮ್ಮ ಕೋಲಾರದ ಬೋರ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳೀದು ಕಟ್ಟುತ್ತಲ್ಲ, ಥೇಟ್ ಹಂಗೇ. ಗಾಳಿ ಎಲ್ಲಿ ಲೀಕ್ ಆಗಿತ್ತೋ ಅಲ್ಲಿ ಜಾಸ್ತಿ, ಬೆಂಡ್‌ನಲ್ಲಿ ಜಾಸ್ತಿ, ವಾಲ್ವ್ ಹತ್ರ ಜಾಸ್ತಿ. ಹಿಂದೆ ಆ ಸೈಟಲ್ಲಿ ಆಪರೇಟರ್ ಆಗಿದ್ದ ಒಬ್ಬ ತಾತ ನಮ್ಮ ಜೊತೆ ಇದ್ದ, ಡ್ರಾಯಿಂಗ್‌ನಲ್ಲಿ ಇಲ್ಲದ್ದೆಲ್ಲ ಅವನ ತಲೇಲಿತ್ತು, ಈ ಲೈನು ಯಾವಾಗ್ಲೂ ಕಾಟ ಕೊಡ್ತಿತ್ತು ನೋಡಿ ಅಂತ ಕೈ ತೋರಿಸ್ತಿದ್ದ, ಡಿಟೆಕ್ಟರ್ ಇಟ್ರೆ ಅಲ್ಲೇ ಕೌಂಟ್ ಏರ್ತಿತ್ತು. ಹಳೇ ಪ್ಲಾಂಟ್ ಕೆಡವೋರು ಮೊದಲು ಇಂಥ ರಿಟೈರ್ಡ್ ಜನರನ್ನ ಹುಡುಕಿ ಸಂಬಳ ಕೊಟ್ಟು ಕರ್ಕೊಂಡ್ ಬರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅಳೆಯೋದು ಹೆಂಗೆ ಅಂದ್ರೆ, ಯುರೇನಿಯಂ-235 ಬಿಡೋ ಗಾಮಾ ಕಿರಣದ ಶಕ್ತಿ 186 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಹತ್ರ ಇರುತ್ತೆ, ಡಿಟೆಕ್ಟರ್‌ನಲ್ಲಿ ಅದನ್ನ ಎಣಿಸ್ತೀವಿ. ಕೇಳೋಕೆ ಸಿಂಪಲ್. ಆದ್ರೆ ಆ ಗಾಮಾ ಅಂಥ ಜೋರಿನದ್ದಲ್ಲ, ದಪ್ಪ ಸ್ಟೀಲ್ ಇದ್ರೆ ಅರ್ಧಕ್ಕರ್ಧ ಒಳಗೇ ಸತ್ತೋಗುತ್ತೆ, ಪದರ ದಪ್ಪಗಿದ್ರೆ ಯುರೇನಿಯಂ ತನ್ನ ಗಾಮಾನ ತಾನೇ ನುಂಗುತ್ತೆ, ಅಂದ್ರೆ ಇರೋದಕ್ಕಿಂತ ಕಮ್ಮಿ ತೋರ್ಸುತ್ತೆ. ಕಮ್ಮಿ ತೋರಿಸೋದೇ ಡೇಂಜರ್. ಪಕ್ಕದ ಪೈಪಿಂದು ಬೇರೆ ಬಂದು ಸೇರ್ಕೊಳ್ಳುತ್ತೆ, ಅದಕ್ಕೆ ಸೀಸದ ಕವಚ ಹಾಕ್ಬೇಕು. ಡೌಟ್ ಇದ್ದ ಕಡೆ ನ್ಯೂಟ್ರಾನ್ ಕೌಂಟರ್ ಇಡ್ತಿದ್ವಿ, ಯುರೇನಿಯಂ-234 ಬಿಡೋ ಆಲ್ಫಾ ಕಣ ಆ ಪುಡೀಲಿರೋ ಫ್ಲೋರಿನ್‌ಗೆ ಬಡಿದ್ರೆ ನ್ಯೂಟ್ರಾನ್ ಬರುತ್ತೆ, ಅದು ಸ್ಟೀಲ್ ಗೀಲ್ ಲೆಕ್ಕಕ್ಕಿಡದೆ ಹೊರಗೆ ಬರುತ್ತೆ. ಎರಡೂ ನಂಬರ್ ತಾಳೆ ಆಗ್ಲಿಲ್ಲ ಅಂದ್ರೆ ಕೆಲಸ ನಿಲ್ಲಿಸಿ ಮತ್ತೆ ಅಳೀಬೇಕು, ಮೇಲಿನೋರು ಶೆಡ್ಯೂಲ್ ಶೆಡ್ಯೂಲ್ ಅಂತ ಬಡ್ಕೊಂಡ್ರೂ ಅಷ್ಟೇ.

ಇಷ್ಟೆಲ್ಲಾ ಯಾಕೆ ಅಂದ್ರೆ ಎನ್ರಿಚ್ ಆದ ಯುರೇನಿಯಂ ಒಂದೇ ಕಡೆ ಹೆಚ್ಚು ಸೇರಿ, ಅದಕ್ಕೆ ನೀರೂ ಸೇರಿದ್ರೆ ತಾನಾಗೇ ಚೈನ್ ರಿಯಾಕ್ಷನ್ ಶುರುವಾಗ್ಬಹುದು. ಬಾಂಬ್ ತರ ಸಿಡಿಯಲ್ಲ, ಆದ್ರೆ ಹತ್ರ ಇದ್ದೋನು ಬದುಕೋದು ಕಷ್ಟ. ಹಂಗಾಗಿ ಬಿಚ್ಚಿದ ಪಾರ್ಟ್‌ಗಳನ್ನ ಒಂದರ ಪಕ್ಕ ಒಂದು ಇಷ್ಟು ಅಂತರದಲ್ಲೇ ಇಡ್ಬೇಕು, ಒಂದು ಡ್ರಮ್‌ಗೆ ಇಷ್ಟು ಗ್ರಾಂ ಮೇಲೆ ಹಾಕ್ಬಾರ್ದು, ಸುಮ್ನೆ ನೀರು ಹಾಕಿ ತೊಳೆಯೋ ಹಂಗಿಲ್ಲ. ಇಲ್ಲಿ ನಮ್ಮೋರು ಎಲ್ಲಾದಕ್ಕೂ ಮೊದಲು ಪೈಪ್ ಹಿಡಿದು ನೀರು ಬಿಡೋರು, ಅಲ್ಲಿ ಬಕೆಟ್ ತರೋಕೂ ಪರ್ಮಿಷನ್.

ಅಳತೆ ಮುಗಿದ್ಮೇಲೆ ವಿಂಗಡಣೆ. ಜಾಸ್ತಿ ಯುರೇನಿಯಂ ಇರೋ ಪಾರ್ಟ್‌ಗಳನ್ನ ಕೆಡವೋ ಮುಂಚೆ ಕೈಯಿಂದ ಬಿಚ್ಚಿ ತೆಗೆದು, ಪಾರ್ಟಿನ ಬಾಯಿಗೆ ಸೀಲ್ ಹಾಕಿ, ನೆವಾಡಾ ಮರುಭೂಮಿಗೆ ಕಳಿಸೋದು. ಕಮ್ಮಿ ಇರೋದನ್ನ ಜಾಗದಲ್ಲೇ ಬಿಟ್ಟು, ಧೂಳು ಏಳ್ದೆ ಇರ್ಲಿ ಅಂತ ಪೈಪೊಳಗೆ ಫೋಮ್ ತುಂಬಿ, ಕಟ್ಟಡದ ಜೊತೆ ಕೆಡವಿ ಅಲ್ಲೇ ಓಕ್ ರಿಡ್ಜ್‌ನಲ್ಲೇ ಇದಕ್ಕೆ ಅಂತ ಕಟ್ಟಿರೋ ಲ್ಯಾಂಡ್‌ಫಿಲ್‌ಗೆ ಹಾಕೋದು. ಲ್ಯಾಂಡ್‌ಫಿಲ್‌ನೋರಿಗೂ ಪೈಪ್ ಟೊಳ್ಳಾಗಿ ಬಂದ್ರೆ ಆಗಲ್ಲ, ಮುಂದೆ ಮಣ್ಣು ಕುಸಿದು ಮೇಲಿನ ಹೊದಿಕೆ ಬಿರುಕು ಬಿಡುತ್ತೆ ಅಂತ. ಇದು ಬರೀ ರೇಡಿಯೋಆಕ್ಟಿವ್ ಕಸ ಆಗಿದ್ರೆ ಪರ್ವಾಗಿರ್ಲಿಲ್ಲ, ಹಳೇ ಕಟ್ಟಡ ಅಲ್ವಾ, ಪೈಪಿನ ಮೇಲೆ ಆಸ್ಬೆಸ್ಟಾಸ್, ಡಕ್ಟಿನ ಗ್ಯಾಸ್ಕೆಟ್‌ನಲ್ಲಿ ಪಿಸಿಬಿ ಅನ್ನೋ ವಿಷದ ಎಣ್ಣೆ, ಮೀಟರ್‌ಗಳಲ್ಲಿ ಪಾದರಸ, ಪೇಂಟಲ್ಲಿ ಸೀಸ. ಒಂದೊಂದಕ್ಕೂ ಒಂದೊಂದು ಕಾನೂನು. ಒಂದೇ ಬ್ಯಾಗಿಗೆ ಎರಡು ತರದ್ದು ಬಿತ್ತು ಅಂದ್ರೆ ಅದು ಮಿಕ್ಸೆಡ್ ವೇಸ್ಟ್, ಖರ್ಚು ಸಿಕ್ಕಾಪಟ್ಟೆ ಏರುತ್ತೆ, ತಗೊಳ್ಳೋರೂ ಕಮ್ಮಿ. ಅದಕ್ಕೇ ಕತ್ತರಿಸೋ ಜಾಗದಲ್ಲೇ ಬೇರೆ ಮಾಡಿ, ಆಮೇಲೆ ಮಾಡೋಣ ಅನ್ನೋದು ಬೇಡ ಅಂತ ಹುಡುಗ್ರಿಗೆ ದಿನಾ ಹೇಳಿದ್ದೇ ಹೇಳೋದು. ಇನ್ನೊಂದು ತಮಾಷೆ, ಕನ್ವರ್ಟರ್ ಒಳಗಿನ ಪೊರೆಯ ವಿನ್ಯಾಸ ಇವತ್ತಿಗೂ ರಹಸ್ಯ, ಹಂಗಾಗಿ ಆ ಕಸಕ್ಕೆ ಸೆಕ್ಯುರಿಟಿ ಬೇರೆ!

ಗುಜರಿಗೆ ಮಾರಬಹುದಿತ್ತಲ್ಲ, ಅಷ್ಟೊಂದು ನಿಕಲ್ಲು ಸ್ಟೀಲು ಅಂತ ನಮ್ಮ ಮಾವ ಕೇಳಿದ್ರು. ಇಂಗ್ಲೆಂಡಿನ ಕೇಪನ್‌ಹರ್ಸ್ಟ್‌ನಲ್ಲಿ 1982ರಲ್ಲಿ ನಿಂತ ಇಂಥದ್ದೇ ಪ್ಲಾಂಟಿನ ಲೋಹದಲ್ಲಿ ಬಹುಪಾಲು ತೊಳೆದು ಕರಗಿಸಿ ಮತ್ತೆ ಬಳಸಿದ್ರು. ಅಮೆರಿಕದಲ್ಲಿ 2000ದಲ್ಲಿ ಸರ್ಕಾರ ಅದಕ್ಕೆ ತಡೆ ಹಾಕ್ತು, ಜನ ಮನೆ ಪಾತ್ರೇಲಿ ಆ ಲೋಹ ಬರುತ್ತೆ ಅಂತ ಹೆದರಿದ್ರು. ಒಳ್ಳೇ ಲೋಹ ಮಣ್ಣಿಗೆ ಹೋಗಿದ್ದು ನೋಡಿ ಹೊಟ್ಟೆ ಉರೀತಿತ್ತು, ಆದ್ರೂ ಮೇಲ್ಮೈಲಿ ಇರೋ ಕೊಳೆ ತೊಳೀಬಹುದು, ಲೋಹದೊಳಗೇ ಸೇರ್ಕೊಂಡಿದ್ದನ್ನ ತೊಳೆಯೋಕಾಗಲ್ಲ, ಅದೂ ನಿಜ.

ನಮ್ಮ ಮೈ ವಿಷಯ ಹೇಳ್ಬೇಕಂದ್ರೆ, ಯುರೇನಿಯಂ ಹೊರಗಿದ್ರೆ ಅಷ್ಟೇನಿಲ್ಲ, ಉಸಿರಲ್ಲಿ ಒಳಗೋದ್ರೆ ಶ್ವಾಸಕೋಶಕ್ಕೆ ಆಲ್ಫಾ ಕಣದ ಏಟು, ಜೊತೆಗೆ ಭಾರ ಲೋಹ ಆಗಿರೋದ್ರಿಂದ ಕಿಡ್ನಿಗೆ ಏಟು. ಹೈಡ್ರೋಜನ್ ಫ್ಲೋರೈಡ್ ಚರ್ಮಕ್ಕೆ ತಾಗಿದ್ರೆ ಹಚ್ಚೋಕೆ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಪಕ್ಕದಲ್ಲೇ ಇರ್ಬೇಕು. ಒಳಗೆ ಹೋಗಿದ್ಯಾ ಅಂತ ನೋಡೋ ಮೂತ್ರ ಟೆಸ್ಟ್‌ಗೆ ಮನೆಗೇ ಬಾಟಲ್ ಕೊಡ್ತಿದ್ರು. ಅಮ್ಮ ಊರಿಂದ ಬಂದಿದ್ದಾಗ ಬಾತ್‌ರೂಮಲ್ಲಿ ಸಾಲಾಗಿಟ್ಟಿದ್ದ ಬಾಟಲ್ ನೋಡಿ "ಏನೋ ಇದು, ಈ ವಯಸ್ಸಿಗೇ ಶುಗರ್ ಬಂತಾ?" ಅಂತ ಗಾಬರಿಯಾಗಿದ್ರು, ವಿವರಿಸಿದ್ಮೇಲೆ ಗಾಬರಿ ಇನ್ನೂ ಜಾಸ್ತಿ ಆಯ್ತು.

ಕೊನೇಗೆ ಉಳಿದಿದ್ದು ಕಟ್ಟಡದ ಪೂರ್ವದ ಕೈಯಲ್ಲಿದ್ದ ಟೆಕ್ನೀಷಿಯಂ-99 ಅನ್ನೋ ವಿಕಿರಣ ಬಿಡೋ ಲೋಹ. ಇದು ಯುರೇನಿಯಂ ಜೊತೆ ಹುಟ್ಟಿದ್ದಲ್ಲ, ರಿಯಾಕ್ಟರ್‌ನಲ್ಲಿ ಬಳಸಿದ ಯುರೇನಿಯಂನ ಮತ್ತೆ ಪ್ಲಾಂಟಿಗೆ ಹಾಕಿದ್ರು, ಅದರ ಹಿಂದೆ ಬಂದಿದ್ದು. ಅರ್ಧಾಯುಷ್ಯ, ಅಂದ್ರೆ ಇದ್ದಿದ್ದು ಅರ್ಧ ಆಗೋಕೆ ಬೇಕಾದ ಟೈಮು, 2 ಲಕ್ಷ ವರ್ಷಕ್ಕೂ ಮೇಲೆ. ಗಾಮಾ ಅಂತೂ ಬಿಡಲ್ಲ ಅನ್ನಬಹುದು, ಬರೀ ಬೀಟಾ, ಅಂದ್ರೆ ಇಷ್ಟೊತ್ತು ಹೇಳಿದ ನಮ್ಮ ಡಿಟೆಕ್ಟರ್ ಅದಕ್ಕೆ ಕುರುಡು. ಲೋಹದ ಸ್ಯಾಂಪಲ್ ಕತ್ತರಿಸಿ ಲ್ಯಾಬ್‌ಗೆ ಕಳಿಸಿ ಕಾಯಬೇಕು, ಬೇರೆ ದಾರಿ ಇಲ್ಲ. ಯುರೇನಿಯಂ ಮಣ್ಣಲ್ಲಿ ಎಷ್ಟೋ ಕಡೆ ಅಂಟಿ ಕೂರುತ್ತೆ, ಇದು ನೀರು ಸಿಕ್ಕಿದ್ರೆ ನೀರಿನ ಜೊತೆ ಓಡುತ್ತೆ. ಕೆಡವೋವಾಗ ಧೂಳಿಗೆ ನೀರು ಚಿಮುಕಿಸ್ಲೇಬೇಕು, ಚಿಮುಕಿಸಿದ್ರೆ ಇದು ಹೊರಟೋಗುತ್ತೆ, ಎರಡೂ ಕಷ್ಟ. ಧೂಳು ನೋಡಿ ಎಲ್ರೂ ಹೆದರ್ತಾರೆ, ನೀರು ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳಲ್ಲ. ಪ್ಲಾಂಟ್ ಕೆಡವೋ ಪ್ಲಾನ್ ಯಾರಾದ್ರೂ ತೋರಿಸಿದ್ರೆ ನಾನು ಮೊದಲು ನೋಡೋದು ಚರಂಡಿ ಡ್ರಾಯಿಂಗ್.

ಇಷ್ಟು ಹೇಳಿದ್ಮೇಲೆ ಊರಲ್ಲಿ ಎಲ್ರೂ ಕೇಳೋದು 2012ರ ನವೆಂಬರ್ ಗಲಾಟೆ ಬಗ್ಗೆ. ತಮಿಳ್ನಾಡಿನ ಕೂಡಂಕುಳಂ ಅಣು ಸ್ಥಾವರದ ಕಸ ನಮ್ಮ ಗಣಿಗೆ ತಂದು ಹಾಕ್ತಾರೆ ಅಂತ ಸುದ್ದಿ ಬಂದು ಕೆಜಿಎಫ್ ಜನ ಬೀದಿಗಿಳಿದಿದ್ರು, ಆಮೇಲೆ ಹಂಗೇನಿಲ್ಲ ಅಂತ ಸ್ಪಷ್ಟನೆ ಬಂತು. ಸುದ್ದಿ ಹುಟ್ಟೋಕೆ ಒಂದು ಎಳೆ ಇತ್ತು, ಹಿಂದೆ ಬಾರ್ಕ್‌ನೋರು (ಭಾಭಾ ಅಣು ಸಂಶೋಧನಾ ಕೇಂದ್ರ) ನಮ್ಮ ಗಣೀಲಿ 1000 ಮೀಟರ್ ಆಳದಲ್ಲಿ 8 ವರ್ಷ ಒಂದು ಪ್ರಯೋಗ ಮಾಡಿದ್ರು, ಬಿಸಿಗೆ ಬಂಡೆ ಏನಾಗುತ್ತೆ ನೋಡೋಕೆ. ಇಟ್ಟಿದ್ದು ಹೀಟರ್, ಅಣು ಕಸ ಅಲ್ಲ. ನಾನು ನೋಡಿದ ಕಸಕ್ಕೂ ರಿಯಾಕ್ಟರ್ ಇಂಧನಕ್ಕೂ ಬಹಳ ವ್ಯತ್ಯಾಸ ಇದೆ, ನಂದು ರಾಶಿ ದೊಡ್ಡದು, ಕಾವಿಲ್ಲ. ಅಲ್ಲದೆ ಪಂಪ್ ನಿಲ್ಲಿಸಿದ್ಮೇಲೆ ಗಣಿ ತುಂಬ ನೀರು ನಿಂತಿದೆ, ನೀರಿನ ಬಗ್ಗೆ ಮೇಲೆ ಹೇಳಿದ್ದು ಓದಿದೋರಿಗೆ ನನ್ನ ಉತ್ತರ ಗೊತ್ತಾಗಿರುತ್ತೆ, ಆ ಗಣಿಗಂತೂ ನಾನು ಸೈನ್ ಹಾಕಲ್ಲ.

ಅಣು ಕಸ ಬಿಡಿ, ಕಣ್ಣೆದುರಿಗಿರೋ ಸೈನೈಡ್ ದಿಬ್ಬಗಳ (ಸೈನೈಡ್ ಹಾಕಿ ಚಿನ್ನ ತೆಗೆದ್ಮೇಲೆ ಉಳಿದ ಗಣಿ ಮಣ್ಣಿನ ರಾಶಿ) ಬಗ್ಗೆ ಕೇಳಿ ಅಂತೀನಿ ನಾನು. 13 ದಿಬ್ಬ ಇವೆ, ಗಾಳಿ ಬಂದ್ರೆ ಆ ನುಣ್ಣನೆ ಧೂಳು ಮನೆಯೊಳಗೆ, ಒಣಗಾಕಿದ ಬಟ್ಟೆ ಮೇಲೆ. ಅದರಲ್ಲಿ ಉಳಿದಿರೋ ಚಿನ್ನಕ್ಕೆ ದಿಬ್ಬ ಹರಾಜು ಹಾಕೋ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿದೆ. ತಗೊಳ್ಳೋರು ಯಾರೇ ಆಗ್ಲಿ, ಮೊದಲು ಪ್ರತಿ ದಿಬ್ಬಕ್ಕೂ ಬೇರೆ ಬೇರೆ ಆಳದಲ್ಲಿ ಡ್ರಿಲ್ ಹಾಕಿ ಸ್ಯಾಂಪಲ್ ತೆಗೀರಿ, ಗಾಳಿ ಬೀಸೋ ಕಡೆ ಇರೋ ಮನೆಗಳ ಹತ್ರ ಧೂಳಿನ ಮೀಟರ್ ಹಾಕಿ, ಧೂಳಿಗೆ ನೀರು ಹೊಡೆದ್ರೆ ಅದು ಯಾವ ಕೆರೆಗೆ ಹರಿಯುತ್ತೆ ನೋಡಿ, ಆಮೇಲೆ ಜೆಸಿಬಿ ತನ್ನಿ.