ಸುರಂಗದ ಬಾಯಲ್ಲಿಟ್ಟ ಬಟ್ಟಲಿಗೆ ಪೇಟೆಂಟ್ ಕೇಳುವ ಮೊದಲು

ಬದಿಯಡ್ಕದ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ, ನೀರೇ ಆಧಾರ. ಏಪ್ರಿಲ್‌ನಲ್ಲಿ ಅದು ಬೆರಳು ದಪ್ಪ ಬಂದರೆ ಜಾಸ್ತಿ. ದಿನಕ್ಕೆ ಎಷ್ಟು ಬಂತು ಅಂತ ತಿಳಿಯಲು ಒಂದು ಯಂತ್ರ ಮಾಡಿದೆ. ದಂಬೆಯಿಂದ (ನೀರು ಹರಿಸುವ ಅಡಿಕೆ ಮರದ ದೋಣಿಯಿಂದ) ಬಿದ್ದ ನೀರಿಗೆ ಪುಟ್ಟ ಬಟ್ಟಲು ತುಂಬಿ ಮಗುಚುತ್ತದೆ. ಎಷ್ಟು ಸಲ ಮಗುಚಿತು ಅಂತ ಇಎಸ್‌ಪಿ32 ಎಂಬ ಪುಟ್ಟ ಚಿಪ್ ಎಣಿಸಿ, ಎಂಕ್ಯೂಟಿಟಿ ಎಂಬ ಸಂದೇಶ ಕಳಿಸುವ ವಿಧಾನದ ಮೂಲಕ ಮನೆಯ ಲಿನಕ್ಸ್ ಕಂಪ್ಯೂಟರಿಗೆ ಕಳಿಸುತ್ತದೆ.

ಇದರಲ್ಲಿ ನನ್ನದು ಯಾವುದು? ಮೊದಲು ಅದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಲಿನಕ್ಸ್ ನನ್ನದಲ್ಲ. ಎಂಕ್ಯೂಟಿಟಿ ಓಯಾಸಿಸ್ ಸಂಸ್ಥೆಯ ಮುಕ್ತ ಮಾನದಂಡ, ಯಾರು ಬೇಕಾದರೂ ಬಳಸಬಹುದು. ಗೂಗಲ್ ಪೇಟೆಂಟ್ಸ್‌ನಲ್ಲಿ ಹುಡುಕಿದರೆ ಮಗುಚುವ ಬಟ್ಟಲೂ ಹಳೆಯದೇ, ಮಳೆ ಅಳೆಯಲು ಎಂದೋ ಬಂದದ್ದು. ಕೊನೆಗೆ ಉಳಿದದ್ದು ಒಂದೇ: ಸುರಂಗದ ಕೆಂಪು ಕೆಸರು ಬಟ್ಟಲಿನ ತಳದಲ್ಲಿ ಕೂರದಂತೆ, ಮಗುಚುವಾಗಲೇ ಅದನ್ನು ಕೆರೆದು ಹಾಕುವ ರಬ್ಬರಿನ ನಾಲಿಗೆ. ಅರ್ಜಿಯ ಜೀವ ಅದು.

1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನಂತೆ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ. ಹಾಗಾಗಿ ಕೋಡನ್ನಲ್ಲ, ಬಟ್ಟಲು, ನಾಲಿಗೆ, ಸೆನ್ಸರ್ ಸೇರಿ ಏನು ಕೆಲಸ ಮಾಡುತ್ತವೆ ಅನ್ನುವುದನ್ನು ಬರೆಯಿರಿ.

ಈಗ ಲೈಸೆನ್ಸ್, ಅಂದರೆ ಬೇರೆಯವರ ಮುಕ್ತ ಕೋಡ್ ಬಳಸಲು ಅವರು ಹಾಕಿದ ಷರತ್ತು. ಇದನ್ನು ಸುಮ್ನೆ ಬಿಡಬೇಡಿ, ಕೂತು ಓದಿ. ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಮೂರನೇ ಆವೃತ್ತಿಯಲ್ಲಿರುವ ಕೋಡನ್ನು ನೀವು ತಿದ್ದಿ ಹಂಚಿದಿರಿ ಅನ್ನಿ. ನಿಮ್ಮ ಪೇಟೆಂಟ್ ಆ ಕೋಡಿನೊಳಗಿನ ಉಪಾಯಕ್ಕೇ ಇದ್ದರೆ, ಅದನ್ನು ಬಳಸುವ ಹಕ್ಕನ್ನೂ ಪಡೆದವರಿಗೆ ಕೊಟ್ಟ ಹಾಗೆ. ಅಪಾಚೆ 2.0 ಎಂಬ ಇನ್ನೊಂದು ಮುಕ್ತ ಲೈಸೆನ್ಸಿನ ಯೋಜನೆಗೆ ಕೋಡ್ ಕೊಟ್ಟರೂ ಹೀಗೆಯೇ. ಆ ಸಾಫ್ಟ್‌ವೇರೇ ನಿಮ್ಮ ಪೇಟೆಂಟ್ ಮೀರಿದೆ ಅಂತ ದಾವೆ ಹಾಕಿದರೆ, ಅದರಲ್ಲಿ ನಿಮಗೆ ಸಿಕ್ಕಿದ್ದ ಪೇಟೆಂಟ್ ಹಕ್ಕು ಹೋಗುತ್ತದೆ. ಇದು ನ್ಯಾಯವೇ ಅಲ್ವಾ? ಹತ್ತು ಜನರ ದುಡಿಮೆಯ ಮೇಲೆ ನಿಂತು ಅವರಿಗೇ ಬೇಲಿ ಹಾಕಬಾರದು.

ಅರ್ಜಿ ಹಾಕುವ ತನಕ ಚಿತ್ರ, ವಿಡಿಯೊ, ಕೋಡ್ ಎಲ್ಲೂ ಹಾಕಬೇಡಿ. ತೋಟಕ್ಕೆ ಬಂದವರಿಗೂ ನಾಲಿಗೆ ತೋರಿಸಬೇಡಿ. ಒಮ್ಮೆ ಬಹಿರಂಗವಾದರೆ ಹೊಸತನ ಹೋದಂತೆ.

ನಮ್ಮ ಕಾಸರಗೋಡಿಗೆ ಚೆನ್ನೈ ಪೇಟೆಂಟ್ ಕಚೇರಿ. ಆನ್‌ಲೈನ್‌ನಲ್ಲೇ ಹಾಕಬಹುದು. ಒಬ್ಬ ವ್ಯಕ್ತಿಗೆ ಅರ್ಜಿ ಶುಲ್ಕ 1600 ರೂಪಾಯಿ. ಮೊದಲು ತಾತ್ಕಾಲಿಕ ವಿವರಣೆ ಕೊಟ್ಟರೆ, ಪೂರ್ತಿ ವಿವರಣೆಗೆ 12 ತಿಂಗಳು ಸಿಗುತ್ತದೆ. ನಾನು ಆ ಒಂದು ಬೇಸಿಗೆ ಪೂರ್ತಿ ನಾಲಿಗೆಯ ದಪ್ಪ ಬದಲಿಸಿ ನೋಡಿದೆ.

ಅರ್ಜಿ ಸಂಖ್ಯೆ ಬಂದ ರಾತ್ರಿಯೇ ಎಣಿಸುವ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟೆ. ಪಕ್ಕದ ತೋಟದವರು ಈಗ ಅದರಲ್ಲೇ ಟ್ಯಾಂಕಿಯ ನೀರು ನೋಡುತ್ತಾರೆ.